ಕತ್ತಲಲ್ಲಿ ಎದ್ದ ಅಮರಿಲ್ಲಿಸ್

ಭಾನುವಾರ: ಎರಡನೇ ಮಹಡಿ

ಡಿಸೆಂಬರ್ ಒಂದನೇ ತಾರೀಕು, ಭಾನುವಾರ, ಬೆಳಿಗ್ಗೆ ಆರು ಗಂಟೆ. ಸ್ವೀಡನ್ ದೇಶದ ಗೋಥೆನ್‌ಬರ್ಗ್ ಪಟ್ಟಣ, ಹಳೆಯ ಇಟ್ಟಿಗೆಯ ಕಟ್ಟಡವೊಂದರ ಎರಡನೇ ಮಹಡಿ. ಹಾಜರಿದ್ದವರು: ನಾನು, ನನ್ನ ತೀರಿಹೋದ ತಂಗಿಯ ಮಗಳು ಪ್ರೆಸಿಲ್ಲಾ, ಅವಳ ಗಂಡ ಸುಧಾಕರ, ಇನ್ನೂ ತಿಂಗಳು ತುಂಬದ ಅವರ ಹೆಣ್ಣುಮಗು. ಇವರಲ್ಲಿ ಪೂರ್ತಿ ಎಚ್ಚರವಿದ್ದವರು ನಾನು ಮತ್ತು ಮಗು.

ನಾನು ಕಾರ್ಕಳದ ಪಕ್ಕದ ಕುಕ್ಕುಂದೂರಿನವಳು. ಮಣಿಪಾಲದ ಆಸ್ಪತ್ರೆಯೊಂದರಲ್ಲಿ ದಾದಿಯಾಗಿ ಸೇರಿ ಮೇಟ್ರನ್ ಆಗಿ ನಿವೃತ್ತಳಾದೆ. ಐದಕ್ಕೆ ಏಳುವುದು, ಆರಕ್ಕೆ ವಾರ್ಡಿನ ಸುತ್ತು, ಹಾಸಿಗೆಯ ಮೂಲೆಗಳನ್ನು ಮಡಿಸಿ ಒಳಗೆ ಸೇರಿಸುವುದು: ಇವು ಈಗಲೂ ನನ್ನ ಮೈಯಲ್ಲಿವೆ. ಪ್ರೆಸಿಲ್ಲಾಳಿಗೆ ತಾಯಿ ಇಲ್ಲದ ಕಾರಣ ಬಾಣಂತನಕ್ಕೆ ನಾನೇ ಹೊರಟೆ. ವೀಸಾ ತಡವಾಗಿ ಬಂತು. ನಾನು ತಲಪುವಾಗ ಮಗು ಹುಟ್ಟಿ ವಾರಗಳೇ ಆಗಿದ್ದವು. ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬಳು ನನ್ನ ಬಾಣಂತಿ ಲೇಹ್ಯದ ಡಬ್ಬಿಯನ್ನು ತೆರೆದು, ಮೂಸಿ, ಎರಡು ಹೆಜ್ಜೆ ಹಿಂದೆ ಸರಿದಳು. ನಾನು ಒಂದು ಚಮಚ ತಿಂದು ತೋರಿಸಿದೆ. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು, ನಾನು ಬೀಳಲಿಲ್ಲ, ಡಬ್ಬಿ ವಾಪಸು ಕೊಟ್ಟಳು.

ನಮ್ಮದು ಕೊಂಕಣಿ ಮನೆ, ಪ್ರೆಸಿಲ್ಲಾಳಿಗೆ ನಾನು ಮಾವ್ಶಿ, ಅಂದರೆ ದೊಡ್ಡಮ್ಮ. ಸುಧಾಕರ ಕಾಪುವಿನವನು, ತುಳು ಮಾತಾಡುವವನು, ಇಲ್ಲಿಯ ಬಂದರಿನಲ್ಲಿ ಹಡಗಿನ ಎಂಜಿನ್ ರಿಪೇರಿ ಮಾಡುತ್ತಾನೆ. ನಮಗೂ ಅವನಿಗೂ ನಡುವಿನ ಭಾಷೆ ಕನ್ನಡ. ಈ ದೇಶದಲ್ಲಿ ನಾನು ಆಡಿದಷ್ಟು ಕನ್ನಡವನ್ನು ಕಾರ್ಕಳದಲ್ಲಿಯೂ ಆಡಿದ್ದಿಲ್ಲ.

ಬಂದ ದಿನದಿಂದ ನನ್ನನ್ನು ಕಾಡಿದ್ದು ಚಳಿಯಲ್ಲ, ಬೆಳಕು. ಎಂಟೂವರೆಯವರೆಗೆ ಸೂರ್ಯನಿಲ್ಲ. ಮಧ್ಯಾಹ್ನ ಊಟ ಮುಗಿಸಿ ಪಾತ್ರೆ ತೊಳೆದು ತಲೆ ಎತ್ತಿದರೆ ಮುಸ್ಸಂಜೆ. ಏಳು ಗಂಟೆಗೆ ಮೊಂಬತ್ತಿ ಹಚ್ಚಿ ಜಪಮಾಲೆ ಹಿಡಿಯುವವಳು ನಾನು. ಇಲ್ಲಿ ಮೂರೂವರೆಗೆ ಕೈ ತಾನಾಗಿ ಬೆಂಕಿಪೊಟ್ಟಣ ಹುಡುಕುತ್ತಿತ್ತು. ಆ ಕತ್ತಲಿಗೆ ಎದುರಾಗಿ ಈ ಜನ ಪ್ರತಿ ಕಿಟಕಿಯಲ್ಲಿ ಒಂದು ದೀಪ ಇಡುತ್ತಾರೆ, ಕಾಗದದ ನಕ್ಷತ್ರವೋ, ಸಾಲು ಮೊಂಬತ್ತಿಯ ಆಕಾರದ ವಿದ್ಯುತ್ ದೀಪವೋ. ಪರದೆ ಎಳೆಯುವುದಿಲ್ಲ. ಬೀದಿಯಲ್ಲಿ ನಿಂತು ನೋಡಿದರೆ ಒಳಗಿನ ಕುರ್ಚಿ, ಮೇಜು, ಪುಸ್ತಕದ ಕಪಾಟು ಎಲ್ಲ ಕಾಣುತ್ತದೆ. ಮನುಷ್ಯ ಮಾತ್ರ ಕಾಣುವುದಿಲ್ಲ. ನಾನು ಬಂದು ಮೂರು ದಿನವಾಗಿತ್ತು. ಆ ಮೂರು ದಿನದಲ್ಲಿ ಎದುರಿನ ಅಷ್ಟೂ ಬೆಳಗಿದ ಕೋಣೆಗಳಲ್ಲಿ ಒಬ್ಬರು ಎದ್ದು ನಡೆದದ್ದನ್ನು ನಾನು ಕಂಡಿರಲಿಲ್ಲ.

ದೀಪದ ಪಕ್ಕದಲ್ಲಿ ಒಂದು ಹೂವಿನ ಕುಂಡ ಇರಲೇಬೇಕು. ಅಮರಿಲ್ಲಿಸ್ ಎನ್ನುತ್ತಾರೆ. ನಮ್ಮ ಅಂಗಳದಲ್ಲಿ ಏಪ್ರಿಲ್ ಬಿಸಿಲಿಗೆ ಎಲೆಯೇ ಇಲ್ಲದೆ ನೆಲದಿಂದ ಎದ್ದು ನಿಲ್ಲುವ ಕೆಂಪು ಲಿಲ್ಲಿ ಇದೆಯಲ್ಲ, ಅದೇ. ನಾವು ಅದಕ್ಕೆ ಎಂದೂ ನೀರು ಹಾಕಿದವರಲ್ಲ, ಹೆಸರಿಟ್ಟವರಲ್ಲ. ಇಲ್ಲಿ ಅದಕ್ಕೆ ರಾಜೋಪಚಾರ. ಬೇಸಗೆ ಮುಗಿಯುವಾಗ ನೀರು ನಿಲ್ಲಿಸಿ, ಎಲೆ ಒಣಗಿಸಿ, ಗಡ್ಡೆಯನ್ನು ಕತ್ತಲೆಯ ನೆಲಮಾಳಿಗೆಯಲ್ಲಿ ಮಲಗಿಸುತ್ತಾರೆ. ಆದಿ ಉಡುಪಿಯ ಸಂತೆಯಲ್ಲಿ ಇಟ್ಟರೆ ಯಾರಾದರೂ ದೊಡ್ಡ ನೀರುಳ್ಳಿ ಎಂದು ಚೀಲಕ್ಕೆ ಹಾಕಿಕೊಂಡು ಹೋಗಬಹುದು, ತಿಂದರೆ ವಿಷ. ನವೆಂಬರಿನಲ್ಲಿ ಗಡ್ಡೆಯ ಹೆಗಲು ಮಣ್ಣಿನ ಮೇಲೆ ಕಾಣುವಂತೆ ಕುಂಡದಲ್ಲಿ ಕೂರಿಸಿ, ಗುಟುಕು ನೀರು ಹಾಕಿ, ಮೊಳಕೆಯ ತುದಿ ಕಂಡ ಕೂಡಲೇ ಬೆಳಕಿಗೆ ತರುತ್ತಾರೆ. ಕ್ರಿಸ್ಮಸ್ ಹೊತ್ತಿಗೆ ಹೂವು. ಅಂಥ ಕುಂಡಕ್ಕೆ ರಿಬ್ಬನ್ ಕಟ್ಟಿ ಒಬ್ಬರಿಗೊಬ್ಬರು ಕೊಡುತ್ತಾರೆ.

ಕ್ರಿಸ್ಮಸ್ಸಿಗೆ ಮೊದಲಿನ ನಾಲ್ಕು ಭಾನುವಾರಗಳಲ್ಲಿ ಅಂದು ಮೊದಲನೆಯದು, ಅಡ್ವೆಂಟಿನ ಆರಂಭ. ಪ್ರೆಸಿಲ್ಲಾ ಮಗುವನ್ನು ನನ್ನ ಕೈಗೆ ಕೊಟ್ಟು ಬಾಗಿಲು ತೆರೆದು ಮೆಟ್ಟಿಲ ಕಡೆ ನೋಡಿದಳು. ಕಾಲೊರಸಿನ ಮೇಲೆ ಏನೂ ಇರಲಿಲ್ಲ. ಬಾಗಿಲು ಹಾಕಿದಳು.

“ಎಂತ ಹುಡುಕ್ತೀ?” ಎಂದೆ.

“ಪ್ರತಿ ವರ್ಷ ಈ ದಿವಸ ಮೇಲಿನ ಮನೆಯ ಇಂಗ್ರಿಡ್ ಅಜ್ಜಿ ಎಲ್ಲ ಮನೆಯ ಬಾಗಿಲಿಗೂ ಒಂದೊಂದು ಅಮರಿಲ್ಲಿಸ್ ಇಟ್ಟು ಹೋಗ್ತಾರೆ ಮಾವ್ಶಿ. ನಾವು ಏಳುವ ಮೊದಲೇ. ಈ ಸಲ ನಮಗೆ ಇಲ್ಲ.”

“ಉಳಿದವರಿಗೆ?”

“ಅವರದ್ದು ಅವರು ಒಳಗೆ ತೆಕ್ಕೊಂಡಿರಬೇಕು, ಹೊರಗೆ ಕಾಣುದಿಲ್ಲ. ನಮಗೇ ಇಲ್ಲದ್ದು. ಸಿಟ್ಟಾಗಿದ್ದಾರೆ. ಎಲ್ಲ ಇವರಿಂದ.” ಅವಳು ಗಂಡನ ಕಡೆ ಗಲ್ಲ ಎತ್ತಿದಳು.

ಸುಧಾಕರ ಲೋಟದೊಳಗೆ ನೋಡುತ್ತ ಚಹಾ ಕುಡಿದ.

ನಡೆದದ್ದು ಇಷ್ಟು. ಮಗುವನ್ನು ಆಸ್ಪತ್ರೆಯಿಂದ ತಂದ ಮರುದಿನ ಇಂಗ್ರಿಡ್, ಎಂಬತ್ತು ದಾಟಿದ ಒಂಟಿ ಹೆಂಗಸು, ಒಂದು ಕುಂಡ ಹಿಡಿದು ಕೆಳಗೆ ಇಳಿದು ಬಂದಿದ್ದರು. ಉಳಿದವರಿಗೆ ಅಡ್ವೆಂಟಿಗೆ, ಮಗುವಿಗೆ ಮಾತ್ರ ಮೊದಲೇ. ಆದರೆ ಸುಧಾಕರನ ಅಮ್ಮ ವನಜಕ್ಕ ಕಾಪುವಿನಿಂದ ಫೋನಿನಲ್ಲಿ ಕಟ್ಟುನಿಟ್ಟು ಮಾಡಿದ್ದರು: ಹೆರಿಗೆಯಾದ ಮನೆಗೆ ಅಮೆಯ ಸೂತಕ, ಅದು ಕಳೆಯುವವರೆಗೆ ಹೊರಗಿನವರನ್ನು ಒಳಗೆ ಕರೆಯಬಾರದು, ಕೊಟ್ಟು ತೆಗೆದುಕೊಳ್ಳುವುದು ಬೇಡ. ಆ ಅಜ್ಜಿ ಅಂದು ಇಲ್ಲಿಂದ ನೇರ ಇಗರ್ಜಿಯ ಪ್ರಾರ್ಥನೆಗೆ ಹೋಗುವವರೆಂದು ಗೊತ್ತಿದ್ದ ಸುಧಾಕರ, ಅವರ ಮಡಿ ಕೆಡಬಾರದೆಂದು, ಹೊಸ್ತಿಲಿನಲ್ಲಿಯೇ ನಿಲ್ಲಿಸಿದ. “ನಮ್ಮಲ್ಲಿ ಒಂದು ಕ್ರಮ ಉಂಟು. ಈ ದಿನಗಳು ಮುಗಿದ ಮೇಲೆ ಬನ್ನಿ” ಎಂದ. ಅವರು ತಲೆಯಾಡಿಸಿ ಕುಂಡದ ಸಮೇತ ಹಿಂದೆ ಹೋದರು. ಆಮೇಲೆ ಬರಲೇ ಇಲ್ಲ.

“ಇಗರ್ಜಿಗೆ ಹೋಗುವ ಸ್ವೀಡನ್ನಿನ ಹೆಂಗಸಿಗೆ ಕಾಪುವಿನ ಅಮೆಯಾ?” ಎಂದೆ.

“ಅವರಿಗೆ ದೋಷ ಬರಬಾರದು ಅಂತಲೇ ಅಲ್ವಾ ಮಾವ್ಶಿ ನಾನು ಹೇಳಿದ್ದು.”

“ಅಮೆ ಕಳೆದ ಮೇಲೆ ನೀನೇ ಹೋಗಿ ಕರೀಬಹುದಿತ್ತು.”

“ಇಲ್ಲಿ ಹಾಗೆ ಹೋಗಿ ಬೆಲ್ ಮಾಡುವ ಕ್ರಮ ಇಲ್ಲ. ಮೊದಲು ಮೆಸೇಜ್ ಮಾಡ್ಬೇಕು.”

“ಮಾಡು.”

“ಅವರ ಹತ್ರ ಮೊಬೈಲ್ ಇಲ್ಲ.”

“ಹಾಗಾದ್ರೆ ಅವರ ಮನೆಗೆ ಹೋಗುದು ಹೇಗೆ?”

ಅವನು ಯೋಚಿಸಿ ಹೇಳಿದ: “ಹೋಗುದಿಲ್ಲ.”

ತಲೆಯ ಮೇಲೆ, ಅಂದರೆ ಇಂಗ್ರಿಡರ ನೆಲದಲ್ಲಿ, ರೇಡಿಯೋ ಮಾತಾಡುತ್ತಿತ್ತು. ಗಂಡಸಿನ ಮೆಲುದನಿ, ಉರು ಹೊಡೆದಂತೆ. “ನೋಡಿ, ಇದ್ದಾರೆ. ನಮ್ಮ ಮೇಲೆ ಬೇಜಾರು, ಅಷ್ಟೆ” ಎಂದಳು ಪ್ರೆಸಿಲ್ಲಾ. ಅವಳ ಕಣ್ಣು ತುಂಬಿತ್ತು. ಬಾಣಂತಿ ಅಳಬಾರದು. ನಾನು ಲೇಹ್ಯ ಕೊಟ್ಟೆ.

ಸೋಮವಾರ: ನೆಲಮಾಳಿಗೆ

ಬಟ್ಟೆ ಒಗೆಯುವ ಯಂತ್ರ ಮನೆಯಲ್ಲಿಲ್ಲ, ಇಡೀ ಕಟ್ಟಡಕ್ಕೆ ನೆಲಮಾಳಿಗೆಯಲ್ಲಿ ಒಂದೇ. ಯಾರು ಯಾವ ಹೊತ್ತಿಗೆ ಎಂದು ಮೊದಲೇ ಗುರುತು ಹಾಕಬೇಕು. ಆ ಹೊತ್ತು ಮೀರಿದರೆ ಈ ಮೌನಿಗಳಿಗೂ ಸಿಟ್ಟು ಬರುತ್ತದಂತೆ. ನನಗೆ ಈ ದೇಶದಲ್ಲಿ ಮೊದಲು ಇಷ್ಟವಾದದ್ದು ಇದು. ಬೆಳಿಗ್ಗೆ ಏಳಕ್ಕೆ ನಮ್ಮ ಸರದಿ. ಮಗುವಿನ ಬಟ್ಟೆಯ ಬುಟ್ಟಿ ಹಿಡಿದು ಇಳಿದೆ.

ಕೆಳಗೆ ಉದ್ದನೆಯ ಓಣಿ. ಎರಡೂ ಕಡೆ ಕೋಳಿಗೂಡಿನಂತೆ ಬಲೆಯ ಪಂಜರಗಳು, ಪ್ರತಿ ಮನೆಗೆ ಒಂದು, ಬೀಗ ಹಾಕಿದವು. ಒಳಗೆ ಹಳೆಯ ಸೈಕಲ್ಲು, ಹಿಮದ ಮೇಲೆ ಜಾರುವ ಹಲಗೆಗಳು, ಪೆಟ್ಟಿಗೆಗಳು. ಯಂತ್ರದ ಕೋಣೆ ಓಣಿಯ ಕೊನೆಗೆ. ಬಟ್ಟೆ ಹಾಕಿ, ಗುಂಡಿ ಒತ್ತಿ, ಹಿಂದೆ ಬರುತ್ತಿದ್ದೆ. ಅರ್ಧ ದಾರಿಯಲ್ಲಿ ದೀಪ ಆರಿತು.

ಇಲ್ಲಿಯ ದೀಪಗಳು ತಮಗೆ ತೋಚಿದಷ್ಟು ಹೊತ್ತು ಉರಿದು ಆರಿಬಿಡುತ್ತವೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನಿಂತೆ. ಕರೆಂಟು ಹೋದ ವಾರ್ಡಿನಲ್ಲಿ ಮಾಡಬೇಕಾದದ್ದೂ ಅದೇ: ನಿಲ್ಲು, ಕಣ್ಣು ಹೊಂದಿಕೊಳ್ಳಲಿ, ಕೈ ಚಾಚು. ಚಾಚಿದ ಕೈಗೆ ಬಲೆ ಸಿಕ್ಕಿತು. ಬಲೆಯ ಆಚೆಯಿಂದ ತಣ್ಣಗಿನ, ಒದ್ದೆಯಾದ, ಬೆರಳಿನಷ್ಟು ದಪ್ಪದ ಏನೋ ಒಂದು ನನ್ನ ಮಣಿಕಟ್ಟಿಗೆ ತಾಗಿತು.

ನಾನು ಕಿರುಚಲಿಲ್ಲ. ಹಳೆಯ ದಾದಿಯರು ಕಿರುಚುವುದಿಲ್ಲ. ಆದರೆ ಕೈ ಹಿಂದೆ ತೆಗೆಯುವಾಗ ಅದು ನನ್ನ ಜೊತೆ ಸ್ವಲ್ಪ ಬಂತು. ಆ ನೆನಪು ಈಗಲೂ ಮಣಿಕಟ್ಟಿನಲ್ಲಿದೆ.

ಓಣಿಯ ಕೊನೆಯಲ್ಲಿ, ಹೊರಬಾಗಿಲ ಮೇಲೆ, ಒಂದು ಹಸಿರು ಚಿಕ್ಕ ದೀಪ ಯಾವಾಗಲೂ ಉರಿಯುತ್ತದೆ. ಅದರ ಬೆಳಕಿನಲ್ಲಿ ನಿಧಾನಕ್ಕೆ ಕಂಡಿತು. ಪಂಜರದೊಳಗೆ ಹಲಗೆಯ ಮೇಲೆ ಎಂಟು ಕುಂಡ. ಪ್ರತಿ ಕುಂಡದ ಗಡ್ಡೆಯಿಂದ ಬಿಳಿ ದಂಟು ಎದ್ದಿತ್ತು. ಹಸಿರಿನ ಸುಳಿವೇ ಇಲ್ಲದ ಬಿಳಿ, ವಾರಗಟ್ಟಲೆ ಬ್ಯಾಂಡೇಜಿನೊಳಗಿದ್ದ ಚರ್ಮದ ಬಣ್ಣ. ನೀರಿಲ್ಲ, ಬೆಳಕಿಲ್ಲ, ಗಡ್ಡೆ ತನ್ನನ್ನು ತಾನೇ ತಿಂದು ಬೆಳೆದಿತ್ತು. ಎಂಟೂ ಅಳತೆ ಮೀರಿ ಉದ್ದವಾಗಿ, ಭಾರ ತಾಳಲಾರದೆ ಬಾಗಿ, ಒಂದೇ ಕಡೆಗೆ, ಆ ಹಸಿರು ದೀಪದ ಕಡೆಗೆ ತಿರುಗಿದ್ದವು. ಮೂರು ಬಲೆಯ ಕಣ್ಣುಗಳಿಂದ ಹೊರಗೆ ತಲೆ ಹಾಕಿದ್ದವು. ಒಂದರ ಮೊಗ್ಗು ಬಿರಿದಿತ್ತು, ಕೆಂಪಾಗಬೇಕಿದ್ದ ಹೂವು ನೀರು ಬೆರೆತ ರಕ್ತದಂತೆ ತಿಳಿ.

ಎಲ್ಲ ಕುಂಡಕ್ಕೂ ರಿಬ್ಬನ್ ಕಟ್ಟಿ ಆಗಿತ್ತು. ತುದಿಯ ಕುಂಡದ ರಿಬ್ಬನ್ನಿಗೆ ಒಂದು ಜೊತೆ ಹಳದಿ ಉಣ್ಣೆಯ ಕಾಲುಚೀಲ ನೇತಾಡುತ್ತಿತ್ತು. ನನ್ನ ಹೆಬ್ಬೆರಳಿಗೆ ಸರಿಯಾಗುವಷ್ಟು ಸಣ್ಣವು.

ಮೇಲೆ ಬಂದು ಪ್ರೆಸಿಲ್ಲಾಳಿಗೆ ಹೇಳಿದೆ: “ಅಜ್ಜಿ ಯಾರಿಗೂ ಕೊಡ್ಲಿಲ್ಲ. ಎಂಟೂ ಕೆಳಗೆ ಉಂಟು.”

ಕಟ್ಟಡದಲ್ಲಿ ಒಟ್ಟು ಒಂಬತ್ತು ಮನೆ. ಇಂಗ್ರಿಡರದನ್ನು ಬಿಟ್ಟರೆ ಎಂಟು. ಪ್ರೆಸಿಲ್ಲಾ ಮಗುವನ್ನು ಎದೆಗೆ ಒತ್ತಿಕೊಂಡಳು. “ಹಾಗಾದ್ರೆ ನಮ್ಮ ಮೇಲಿನ ಸಿಟ್ಟಲ್ಲ.”

“ಸಿಟ್ಟಾದವರು ಗಿಡವನ್ನು ಹೀಗೆ ಬಿಡುದಿಲ್ಲ” ಎಂದೆ. ಮೇಲೆ ರೇಡಿಯೋದ ಗಂಡಸು ಮಾತಾಡುತ್ತಲೇ ಇದ್ದ.

ಮಂಗಳವಾರ: ಅಂಗಳ

ಸುಧಾಕರನಿಗೆ ಕಾಯದೆ ನಾನೇ ಮೇಲೆ ಹೋಗಿ ಬೆಲ್ ಒತ್ತಿದೆ. ಒಳಗೆ ಬೆಲ್ಲಿನ ಸದ್ದು ಕೇಳಿತು. ಯಾರೂ ಬರಲಿಲ್ಲ. ಮತ್ತೆ ಒತ್ತಿದೆ. ಎದುರು ಮನೆಯ ಬಾಗಿಲಿನ ಕಣ್ಣಿನಲ್ಲಿ ಒಂದು ನೆರಳು ಬಂದು ನಿಂತು, ನಾನು ತಿರುಗಿದಾಗ ಇಲ್ಲವಾಯಿತು.

ಸುಧಾಕರ ಕೆಲಸದಿಂದ ಬೇಗ ಬಂದು ನೆಲಮಹಡಿಯ ಲಾರ್ಸ್ ಎಂಬವರ ಹತ್ತಿರ ಮಾತಾಡಿದ. ಲಾರ್ಸ್ ಟ್ರಾಮ್ ಓಡಿಸಿ ನಿವೃತ್ತರಾದವರು. ಮೆಟ್ಟಿಲ ಬಲ್ಬು, ಕಸದ ಡಬ್ಬಿ, ಬಟ್ಟೆ ಯಂತ್ರ ಎಲ್ಲ ಅವರ ಉಸ್ತುವಾರಿ. ಅವರು ಇಂಗ್ಲಿಷಿನಲ್ಲಿ ನನಗೇ ನೇರ ಹೇಳಿದರು: “ಇಂಗ್ರಿಡ್ ಮನೆಯಲ್ಲಿದ್ದಾರೆ. ಪ್ರತಿ ಸಂಜೆ ಅವರ ನಕ್ಷತ್ರ ಹೊತ್ತುತ್ತದೆ. ನಾನು ಅಂಗಳದಿಂದ ನೋಡುತ್ತೇನೆ. ಅವರಿಗೆ ಬಾಗಿಲು ತೆರೆಯಲು ಮನಸ್ಸಿಲ್ಲ, ಅದು ಅವರ ಹಕ್ಕು.”

ಆ ನಕ್ಷತ್ರವನ್ನು ನೋಡೋಣ ಎಂದು ನಾನು ಕೋಟಿನ ಮೇಲೆ ಶಾಲು ಹೊದ್ದು ಅಂಗಳಕ್ಕೆ ಇಳಿದೆ. ಹಿಮ ಬೀಳುವ ಹವಾ. ಮೋಡ ಒತ್ತಿ ಎರಡಕ್ಕೇ ಕತ್ತಲಾಗಿತ್ತು. ಸುತ್ತಲಿನ ಕಿಟಕಿಗಳಲ್ಲಿ ಒಂದೊಂದೇ ದೀಪ ಬಂದವು, ಒಂದು ಮೊದಲು, ಒಂದು ಆಮೇಲೆ. ಇಂಗ್ರಿಡರ ಕಿಟಕಿ ಕಪ್ಪು. ಇಂಥ ಕತ್ತಲಲ್ಲಿ ಎಂಬತ್ತು ದಾಟಿದ ಹೆಂಗಸು ದೀಪವಿಲ್ಲದೆ ಏನು ಮಾಡುತ್ತಿದ್ದಾಳೆ?

ನಾಲ್ಕಕ್ಕೆ ಮತ್ತೆ ಇಳಿದೆ. ಆಗಲೇ ವನಜಕ್ಕನ ವಿಡಿಯೋ ಕರೆ ಬಂತು. ಕಾಪುವಿನಲ್ಲಿ ಊಟದ ಹೊತ್ತು. ಅವರು ಜಗಲಿಯಲ್ಲಿ ಕುಳಿತಿದ್ದರು. ಕ್ರೈಸ್ತ ಹೆಂಗಸರನ್ನು ಕರೆಯುವ ರೂಢಿಯಂತೆ ನನ್ನನ್ನು ಬಾಯಮ್ಮ ಎನ್ನುತ್ತಾರೆ.

“ಬಾಯಮ್ಮ, ಮಗುವಿಗೆ ಎಣ್ಣೆ ಹಚ್ಚಿದ್ರಾ? ಚಳಿ ಅಂತ ಬಿಡ್ಬೇಡಿ. ಮತ್ತೆ ನೀವೆಂತ ಅಂಗಳದಲ್ಲಿ ಆಕಾಶ ನೋಡ್ಕೊಂಡು ನಿಂತದ್ದು?”

ಅಷ್ಟರಲ್ಲಿ ಇಂಗ್ರಿಡರ ಕಿಟಕಿಯಲ್ಲಿ ಬಿಳಿ ಕಾಗದದ ನಕ್ಷತ್ರ ಹೊತ್ತಿತು. ನಿಧಾನವಿಲ್ಲ, ನೆರಳಿಲ್ಲ, ಪರದೆಯ ಹತ್ತಿರ ಕೈ ಬಂದದ್ದಿಲ್ಲ. ಕಪ್ಪು ಇದ್ದಲ್ಲಿ ಬೆಳಕು.

“ಮೇಲಿನ ಅಜ್ಜಿಯ ದೀಪ ಹೊತ್ತಿತು” ಎಂದೆ. “ಇದ್ದಾರೆ ಅಂತ ಆಯ್ತು.”

ವನಜಕ್ಕ ನಕ್ಕರು. “ದೀಪ ಹೊತ್ತಿದ್ರೆ ಜನ ಉಂಟು ಅಂತಲಾ? ಇಗೊಳ್ಳಿ, ಇಲ್ಲಿ ನೋಡಿ.” ಫೋನನ್ನು ತಿರುಗಿಸಿದರು. ತೆಂಗಿನ ತಲೆಗಳ ಆಚೆ, ಕಡಲ ಬದಿಯಲ್ಲಿ, ಕಾಪುವಿನ ದೀಪಸ್ತಂಭದ ಬೆಳಕು ಸುತ್ತಿ ಬಂದು ಹೋಯಿತು. “ಅಲ್ಲಿ ಈಗ ಯಾರು ಹತ್ತಿ ಹೋಗಿ ಹಚ್ತಾರೆ ಮಾರಾಯ್ರೆ? ಎಲ್ಲ ಸ್ವಿಚ್ಚು. ನಾವು ಸತ್ತು ಊರು ಖಾಲಿಯಾದ್ರೂ ಅದು ತಿರುಗ್ತದೆ.”

ನಾನು ಕರೆ ಮುಗಿಸಿ ಮೆಟ್ಟಿಲು ಹತ್ತಿದೆ. ಮೇಟ್ರನ್ ಆಗಿದ್ದಾಗ ಬಾಗಿಲ ಹೊರಗೆ ನಿಂತೇ ಒಳಗಿನ ರೋಗಿಯ ಸ್ಥಿತಿ ಹೇಳುತ್ತಿದ್ದೆ. ಕಿವಿಯ ಅಭ್ಯಾಸ ಅದು. ಪ್ರೆಸಿಲ್ಲಾಳ ಅಡಿಗೆಮನೆಯಲ್ಲಿ ಕುರ್ಚಿ ಹಾಕಿ, ತಲೆಯನ್ನು ಗೋಡೆಯ ನೀರಿನ ಕೊಳವೆಗೆ ಒತ್ತಿ ಕುಳಿತೆ. ಪಕ್ಕದ ಮನೆಯವರು ಪಾತ್ರೆ ತೊಳೆದದ್ದು ಕೇಳಿತು. ಕೆಳಗಿನವರು ಸ್ನಾನ ಮಾಡಿದ್ದು ಕೇಳಿತು. ಮೇಲಿನಿಂದ ರೇಡಿಯೋ ಮಾತ್ರ. ಹೆಜ್ಜೆಯಿಲ್ಲ. ಕುರ್ಚಿ ಸರಿದದ್ದಿಲ್ಲ. ಕೆಮ್ಮಿಲ್ಲ. ನೀರು ಬಿಟ್ಟ ಸದ್ದು ಒಮ್ಮೆಯೂ ಇಲ್ಲ. ಬಂದ ದಿನದಿಂದ ನೆನಪು ಮಾಡಿದೆ. ಎಂದೂ ಇರಲಿಲ್ಲ.

ರೇಡಿಯೋದ ದನಿ ಒಂದು ವಾಕ್ಯದ ನಡುವೆ ಕಡಿದು ನಿಂತಿತು. ಹಿಂದಿನ ಸಂಜೆಯೂ ಇದೇ ಹೊತ್ತಿಗೆ, ಹೀಗೆಯೇ, ಮಾತಿನ ನಡುವೆ ನಿಂತಿತ್ತು. ಕೇಳುವವರಿದ್ದರೆ ವಾಕ್ಯ ಮುಗಿಯುವವರೆಗಾದರೂ ಬಿಡುತ್ತಾರೆ.

ಬುಧವಾರ: ಮೂರನೇ ಮಹಡಿ

ಬೆಳಿಗ್ಗೆ ಸುಧಾಕರನನ್ನು ಮುಂದೆ ಮಾಡಿ ಲಾರ್ಸರ ಬಾಗಿಲು ತಟ್ಟಿದೆ. ಮೆಸೇಜ್ ಇಲ್ಲದೆ.

“ಆ ನಕ್ಷತ್ರ ಕೈಯಿಂದ ಹಚ್ಚಿದ್ದಲ್ಲ” ಎಂದೆ. “ನಿನ್ನೆ ಎರಡಕ್ಕೇ ಕತ್ತಲೆ. ಮನುಷ್ಯರಾದರೆ ಆಗಲೇ ಹಚ್ಚುತ್ತಿದ್ದರು. ಅದು ಕತ್ತಲನ್ನು ನೋಡಿ ಹೊತ್ತಲಿಲ್ಲ, ಗಡಿಯಾರವನ್ನು ನೋಡಿ ಹೊತ್ತಿತು.”

ಲಾರ್ಸರ ಮುಖದ ಬಣ್ಣ ಇಳಿಯುವುದನ್ನು ನೋಡಿದೆ. ಆಮೇಲೆ ಹೇಳಿದರು, “ಟೈಮರ್. ಎರಡು ವರ್ಷದ ಹಿಂದೆ ಅವರಿಗೆ ಬಗ್ಗಲು ಕಷ್ಟವಾಗುತ್ತಿತ್ತು. ನಾನೇ ತಂದು ಹಾಕಿಕೊಟ್ಟೆ. ದೀಪಕ್ಕೂ ರೇಡಿಯೋಗೂ.” ಆಮೇಲೆ ತಮಗೇ ಎಂಬಂತೆ ಸ್ವೀಡಿಷಿನಲ್ಲಿ ಏನೋ ಅಂದರು. ಸುಧಾಕರ ನನ್ನ ಕಿವಿಯಲ್ಲಿ ಕನ್ನಡ ಮಾಡಿದ: “ನಾನು ಹಾಕಿದ ದೀಪವನ್ನು ನಾನೇ ನೋಡಿ ಸಮಾಧಾನ ಪಟ್ಟೆ ಅಂತಿದ್ದಾರೆ.”

ಪೊಲೀಸರು ಇಬ್ಬರು ಬಂದರು, ಬೀಗ ತೆರೆಯುವವನೊಬ್ಬ. ದಾದಿ ಎಂದು ಹೇಳಿಕೊಂಡು ನಾನೂ ಅವರ ಹಿಂದೆ ನಿಂತೆ. ಸುಧಾಕರ ಕೆಳಗಿನ ಮೆಟ್ಟಿಲಿನಲ್ಲಿ ಕುಳಿತುಬಿಟ್ಟ. “ನಾನು ಹೊಸ್ತಿಲಿನಲ್ಲೇ ನಿಲ್ಲಿಸಿದೆ ಮಾವ್ಶಿ” ಎಂದ. “ಒಳಗೆ ಎಂತದ್ದಾದ್ರೂ ಆಗಿದ್ರೆ, ಅವರು ಕೊನೆಗೆ ಬಂದ ಮನೆ ನಮ್ಮದು. ಒಂದು ಲೋಟ ನೀರು ಕೊಡದೆ ಕಳಿಸಿದ್ದು.”

ಅಮೆಯ ನಂಬಿಕೆ ನನ್ನದಲ್ಲ. ಆದರೂ ಇಳಿದು ಹೋಗಿ ಅವನ ಕೋಟಿನ ಗುಂಡಿ ಹಾಕಿ ಬಂದೆ.

ಬಾಗಿಲು ತೆರೆಯಿತು. ನಾನು ಮೊದಲು ಗಾಳಿ ಮೂಸಿದೆ. ದಾದಿಯರೆಲ್ಲ ಹಾಗೆಯೇ ಮಾಡುತ್ತಾರೆ. ಧೂಳು, ಸೋಪು, ಒಣಗಿದ ಹೂವು. ನಾನು ಹೆದರಿದ ವಾಸನೆ ಇರಲಿಲ್ಲ.

ಒಳಗೆ ರೇಡಿಯೋ ಒಂದು ಖಾಲಿ ಆರಾಮಕುರ್ಚಿಯ ಜೊತೆ ಮಾತಾಡುತ್ತಿತ್ತು. ಕುರ್ಚಿಯ ದಿಂಬು ಕುಳಿತವರ ಬೆನ್ನಿನಷ್ಟು ಒಳಕ್ಕೆ ಹೋಗಿತ್ತು. ಹಾಸಿಗೆ ಒಪ್ಪವಾಗಿ ಹಾಸಿತ್ತು, ಮೂಲೆಗಳನ್ನು ಮಡಿಸಿ ಒಳಗೆ ಸೇರಿಸಿತ್ತು, ನಾನು ಮಾಡುವ ಹಾಗೆಯೇ. ಒಂದು ಕಪ್ಪು ತೊಳೆದು ಬೋರಲು ಹಾಕಿತ್ತು. ಹಲ್ಲುಜ್ಜುವ ಬ್ರಶ್ ಮುಟ್ಟಿದೆ, ಮರಳಿನಂತೆ ಒಣಗಿತ್ತು. ಕಿಟಕಿಯ ಕೆಳಗೆ ಗಿಡಕ್ಕೆ ನೀರು ಹಾಕುವ ತಂಬಿಗೆ, ಅದರ ತುಂಬ ನೀರು, ನೀರಿನ ಮೇಲೆ ಧೂಳಿನ ಪೊರೆ. ಮನೆ ಪೂರ್ತಿ ಬೆಚ್ಚಗಿತ್ತು. ಎಲ್ಲವೂ ನಡೆಯುತ್ತಿತ್ತು. ಮನುಷ್ಯ ಇರಲಿಲ್ಲ.

ನಾನು ಎಷ್ಟೋ ಸಾವಿನ ಕೋಣೆಗಳಿಗೆ ಹೋಗಿದ್ದೇನೆ. ಅಲ್ಲಿ ನನ್ನ ಕೂದಲು ನಿಮಿರಿದ್ದಿಲ್ಲ. ಇಲ್ಲಿ ನಿಮಿರಿತು. ಯಜಮಾನಿ ಇಲ್ಲದಿರುವುದು ಆ ಮನೆಗೆ ಗೊತ್ತೇ ಆಗಿರಲಿಲ್ಲ.

ಇಬ್ಬರಲ್ಲಿ ಕಿರಿಯ ಪೊಲೀಸ್ ಹೆಂಗಸು ಫೋನು ಹಿಡಿದು ಹೊರಗೆ ಹೋದಳು. ನಾವು ಮೆಟ್ಟಿಲಿನಲ್ಲಿ ಕಾದೆವು. ಮೆಟ್ಟಿಲ ದೀಪ ಆರಿತು. ಯಾರೂ ಎದ್ದು ಹಚ್ಚಲಿಲ್ಲ. ಕತ್ತಲಲ್ಲಿ ಕುಳಿತಿದ್ದಂತೆ ಅವಳ ಬೂಟಿನ ಸದ್ದು ಹತ್ತಿ ಬಂತು.

“ಬದುಕಿದ್ದಾರೆ” ಎಂದಳು. “ಇದಕ್ಕಿಂತ ಹೆಚ್ಚು ಹೇಳಲು ನನಗೆ ಅನುಮತಿ ಇಲ್ಲ. ನೀವು ಸಂಬಂಧಿಕರಲ್ಲ.”

ಸುಧಾಕರ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಲಾರ್ಸ್ ಅವನ ಬೆನ್ನಿನ ಮೇಲೆ ಕೈ ಇಟ್ಟರು. ಒಂದೇ ಕಟ್ಟಡದಲ್ಲಿ ಐದು ವರ್ಷ ಇದ್ದು ಅವರಿಬ್ಬರೂ ಕೈ ಕುಲುಕಿದ್ದೂ ಇಲ್ಲವಂತೆ.

ಶುಕ್ರವಾರ: ನದಿಯ ಆಚೆ

ಇಂಗ್ರಿಡರ ಒಪ್ಪಿಗೆ ಪಡೆದು ಆಸ್ಪತ್ರೆಯವರೇ ಲಾರ್ಸರಿಗೆ ಫೋನ್ ಮಾಡಿದರು. ನದಿಯ ಆಚೆ ಇರುವ ಆ ಆಸ್ಪತ್ರೆಗೆ ಲಾರ್ಸ್, ಸುಧಾಕರ, ನಾನು ಹೋದೆವು. ಕುಂಡ ತರುವುದು ಬೇಡವೆಂದು ನಾನೇ ಹೇಳಿದೆ. ವಾರ್ಡಿನೊಳಗೆ ಮಣ್ಣು ಬರಬಾರದು, ಯಾವ ದೇಶದಲ್ಲಾದರೂ.

ಸೊಂಟದ ಮೂಳೆ. ವಾರಗಳ ಹಿಂದೆ, ದಂಟುಗಳಿಗೆ ಕೋಲು ತರಲು ಹೊರಟವರು ಟ್ರಾಮ್ ನಿಲ್ದಾಣದ ಬಳಿ ಮಂಜುಗಡ್ಡೆಯ ಮೇಲೆ ಜಾರಿದ್ದರು. ನೋವು, ಶಸ್ತ್ರಚಿಕಿತ್ಸೆ, ಮಂಪರು. ಯಾರಿಗಾದರೂ ತಿಳಿಸಬೇಕೇ ಎಂದು ಕೇಳಿದಾಗ ಬೇಡ ಎಂದಿದ್ದರು. ತೆಳ್ಳಗೆ, ನೆಟ್ಟಗೆ, ಬಿಳಿ ಜಡೆ ಹಾಕಿ ಕುಳಿತಿದ್ದರು. ನಮ್ಮನ್ನು ನೋಡಿ ಆಶ್ಚರ್ಯ ಪಟ್ಟರು, ಸಂತೋಷ ಆಮೇಲೆ ಬಂತು.

ಸುಧಾಕರ ಮಾತು ಸಿದ್ಧ ಮಾಡಿಕೊಂಡು ಬಂದಿದ್ದ. ಬಾಯಿ ತೆರೆಯುವ ಮೊದಲೇ ಅವರು ಕೇಳಿದರು:

“ಮಗುವಿನ ಆ ದಿನಗಳು ಮುಗಿದವೇ? ಈಗ ಬರಬಹುದೇ?”

ಅವರಿಗೆ ಅವಮಾನವಾಗಿರಲಿಲ್ಲ. ಒಂದು ಮನೆಗೆ ಒಂದು ನಿಯಮ ಇದೆಯೆಂದರೆ ಅದನ್ನು ಪಾಲಿಸಬೇಕು ಎಂದುಕೊಂಡಿದ್ದರು, ಅಷ್ಟೆ. ದಾದಿಯರನ್ನು ದಿನವೂ ತಾರೀಕು ಕೇಳುತ್ತಿದ್ದರಂತೆ.

“ಮುಗಿಯಿತು” ಎಂದ ಸುಧಾಕರ. “ಯಾವತ್ತೋ ಮುಗಿಯಿತು. ನಾನು ಬಂದು ಕರೆಯಬೇಕಿತ್ತು.”

“ನೀವು ಇಲ್ಲಿದ್ದೀರೆಂದು ಯಾಕೆ ಯಾರಿಗೂ ಹೇಳಲಿಲ್ಲ?” ಎಂದು ಲಾರ್ಸ್ ಕೇಳಿದರು. ದನಿಯಲ್ಲಿ ಸಿಟ್ಟಿತ್ತು.

“ದೀಪ ಇದೆಯಲ್ಲ” ಎಂದರು ಇಂಗ್ರಿಡ್. “ದೀಪ ಹೊತ್ತುತ್ತದೆ, ಯಾರೂ ಗಾಬರಿಯಾಗುವುದಿಲ್ಲ, ಯಾರಿಗೂ ತೊಂದರೆಯಿಲ್ಲ ಎಂದುಕೊಂಡೆ.”

ನಾನು ಹಾಸಿಗೆಯ ಪಕ್ಕ ಕುಳಿತೆ. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಆದರೂ ಮೇಟ್ರನ್ನಿನ ದನಿ ಬಂದೇಬಿಟ್ಟಿತು. “ನಿಮ್ಮ ಅಪ್ಪಣೆ ಬೇಕು. ಆ ಟೈಮರ್ ಕಿತ್ತು ಹಾಕುತ್ತೇನೆ.”

“ಕಿಟಕಿ ಕತ್ತಲಾದರೆ ಜನ ಕೇಳುತ್ತಾರೆ” ಎಂದರು ಇಂಗ್ರಿಡ್.

“ಕೇಳಲಿ.”

ಅವರ ಬೆರಳುಗಳು ಹೊದಿಕೆಯ ಅಂಚನ್ನು ಮಡಿಸಿದವು, ಬಿಡಿಸಿದವು. ಕೊನೆಗೆ ಹೇಳಿದರು: ಪಂಜರದ ಬೀಗದ ಕೈ ಅಡಿಗೆಮನೆಯ ಬಾಗಿಲ ಹಿಂದೆ ಇದೆ. ಹಳದಿ ಕಾಲುಚೀಲದ್ದು ಮಗುವಿಗೆ. ದಂಟಿಗೆ ಕೋಲು ಕಟ್ಟಬೇಕು, ಒಮ್ಮೆಲೇ ಜೋರು ಬೆಳಕಿಗೆ ಇಡಬಾರದು, ಸುಟ್ಟುಹೋಗುತ್ತದೆ. ಟೈಮರಿನ ವಿಷಯ ಬಾಯಲ್ಲಿ ಹೇಳಲಿಲ್ಲ. ಲಾರ್ಸರ ಕೈಗೆ ಮನೆಯ ಬೀಗದ ಕೈ ಕೊಟ್ಟು, ನನ್ನ ಕಡೆ ನೋಡಿ ತಲೆಯಾಡಿಸಿದರು.

ಅದೇ ಶುಕ್ರವಾರ: ಮೇಲೆ ಮತ್ತು ಕೆಳಗೆ

ಹಿಂದೆ ಬಂದು ಲಾರ್ಸ್ ಮತ್ತು ನಾನು ನೆಲಮಾಳಿಗೆಗೆ ಇಳಿದೆವು. ದೀಪ ಆರಿದಾಗಲೆಲ್ಲ ಅವರು ಹೋಗಿ ಒತ್ತಿ ಬರುತ್ತಿದ್ದರು. ಬಲೆಯ ಕಣ್ಣುಗಳಲ್ಲಿ ಸಿಕ್ಕಿಕೊಂಡ ದಂಟುಗಳನ್ನು ಬಿಡಿಸುವುದು ಸೂಕ್ಷ್ಮದ ಕೆಲಸ. ಒಂದು ಮುರಿಯಿತು, ಮುರಿದಲ್ಲಿ ನೀರು ತೊಟ್ಟಿಕ್ಕಿತು. ಉಳಿದ ಏಳಕ್ಕೆ ಲಾರ್ಸ್ ಕೊಟ್ಟ ಕೋಲು ನೆಟ್ಟು, ಮೂಳೆ ಮುರಿದ ಕೈಗೆ ಪಟ್ಟಿ ಹಾಕಿದಂತೆ ಹತ್ತಿಯ ಪಟ್ಟಿಯಿಂದ ಸಡಿಲಾಗಿ ಕಟ್ಟಿದೆ. ಮುರಿದದ್ದನ್ನು ಲಾರ್ಸ್ ತಮಗೆ ಇರಲಿ ಎಂದು ಎತ್ತಿಕೊಂಡರು. ಗಡ್ಡೆ ಗಟ್ಟಿಯಿದೆ, ಬರುವ ವರ್ಷ ಬರುತ್ತದೆ ಎಂದರು.

ಆರು ಬಾಗಿಲುಗಳ ಮುಂದೆ ಆರು ಕುಂಡ ಇಟ್ಟೆವು. ಬೆಲ್ ಮಾಡಲಿಲ್ಲ. ಹಳದಿ ಕಾಲುಚೀಲದ ಕುಂಡವನ್ನು ಮಾತ್ರ ಸುಧಾಕರ ಬಾಗಿಲಲ್ಲಿ ನಿಂತು ಎರಡೂ ಕೈ ಚಾಚಿ ತೆಗೆದುಕೊಂಡು, ಹೊಸ್ತಿಲು ದಾಟಿಸಿ ಒಳಗೆ ಒಯ್ದ. ಪ್ರೆಸಿಲ್ಲಾ ಕಾಲುಚೀಲ ಬಿಚ್ಚಿ ಮಗುವಿಗೆ ಹಾಕಿದಳು. ವಾರಗಟ್ಟಲೆ ಕತ್ತಲಲ್ಲಿ ಕಾದ ಉಣ್ಣೆ ತಣ್ಣಗಿತ್ತು. ಮಗು ಕಾಲು ಒದರಿತು.

ಉಳಿದದ್ದು ಒಂದೇ ಕೆಲಸ. ಅದಕ್ಕೆ ನಾನು ಒಬ್ಬಳೇ ಹೋದೆ.

ಮೂರನೇ ಮಹಡಿಯ ಮನೆ ಎಂದಿನಂತೆ ಬೆಚ್ಚಗೆ ಇತ್ತು. ನಕ್ಷತ್ರ ಉರಿಯುತ್ತಿತ್ತು, ರೇಡಿಯೋದ ಗಂಡಸು ಕುರ್ಚಿಗೆ ಏನನ್ನೋ ವಿವರಿಸುತ್ತಿದ್ದ. ಕುರ್ಚಿಯ ಹಿಂದೆ, ಗೋಡೆಯ ಬುಡದಲ್ಲಿ, ಒಂದೇ ಪ್ಲಗ್ಗಿನ ಹಲಗೆಗೆ ಸಿಕ್ಕಿಸಿದ ಎರಡು ಸಣ್ಣ ಚಕ್ರಗಳು ಟಿಕ್ ಟಿಕ್ ಎಂದು ತಿರುಗುತ್ತಿದ್ದವು. ಮಂಡಿಯೂರಿ ಪ್ಲಗ್ ಎಳೆದೆ. ದನಿ ಮತ್ತು ಬೆಳಕು ಒಟ್ಟಿಗೆ ಹೋದವು.

ಆ ನಿಶ್ಶಬ್ದ ಇಡೀ ಕಟ್ಟಡಕ್ಕೆ ಕೇಳಿಸಿರಬೇಕು. ನಾನು ಕತ್ತಲಲ್ಲಿ ಮಂಡಿಯೂರಿಯೇ ಇದ್ದೆ, ಕಣ್ಣು ಹೊಂದಿಕೊಳ್ಳಲಿ ಎಂದು. ಮೊದಲು ಎದುರಿನ ಮನೆಯಲ್ಲಿ ಚಿಲಕ ಸರಿಯಿತು. ಆಮೇಲೆ ಕೆಳಗೆ ಒಂದು ಬಾಗಿಲು, ಅದರ ಕೆಳಗೆ ಇನ್ನೊಂದು. ಮೆಟ್ಟಿಲಿನಲ್ಲಿ ಹೆಜ್ಜೆಗಳು, ಮೆಲ್ಲಗೆ, ನಿಂತು ನಿಂತು, ಮೇಲಕ್ಕೆ ಬಂದವು. ಬಾಗಿಲ ಹೊರಗೆ ಯಾರೋ ಉಸಿರಾಡುತ್ತಿದ್ದರು.

ಬೆಲ್ ಆಯಿತು.

ನಾನು ಪ್ಲಗ್ಗಿನ ವಯರನ್ನು ಸುತ್ತಿ, ಗಂಟು ಹಾಕಿ, ಕುರ್ಚಿಯ ಮೇಲಿಟ್ಟು, ಎದ್ದು ಹೋಗಿ ಬಾಗಿಲು ತೆರೆದೆ.